ಟರ್ಬೊ ಎಂಜಿನ್ ರೀಬಿಲ್ಡ್: ಕ್ರೋಮ್, ಮೋಲಿ, ಸ್ಟೀಲ್, ಯಾವ ರಿಂಗ್ ಹಾಕಲಿ? (ಮೂರನೇ ಸಿಲಿಂಡರ್‌ನ ರಿಂಗ್ ಮುರಿದಿದೆ)

ಬೂಸ್ಟ್‌ಹುಚ್ಚ:
ನಮಸ್ಕಾರ. ನಾಲ್ಕು ಸಿಲಿಂಡರ್‌ನ ಪೆಟ್ರೋಲ್ ಟರ್ಬೊ ಎಂಜಿನ್ ಬಿಚ್ಚಿ ಹರಡಿಕೊಂಡು ಕೂತಿದ್ದೇನೆ. ಬೋರ್ (ಸಿಲಿಂಡರ್‌ನ ಒಳವ್ಯಾಸ) 81 ಮಿ.ಮೀ. ಹಿಂದಿನ ಮಾಲೀಕರು ರಿಂಗ್ ಬದಲಿಸಿ, ಆಮೇಲೆ ಬೂಸ್ಟ್ (ಟರ್ಬೊ ಒತ್ತುವ ಗಾಳಿಯ ಒತ್ತಡ) 1.2 ಬಾರ್‌ಗೆ ಏರಿಸಿದ್ದರಂತೆ. ನನ್ನ ಕೈಗೆ ಬಂದಾಗ ಎಳೆದರೆ ನೀಲಿ ಹೊಗೆ, ಡಿಪ್‌ಸ್ಟಿಕ್ ಬಾಯಿಂದ ಆಯಿಲ್, ಮೂರನೇ ಸಿಲಿಂಡರ್‌ನಲ್ಲಿ ಕಂಪ್ರೆಷನ್ ಇಲ್ಲವೇ ಇಲ್ಲ ಅನ್ನೋ ಹಾಗಿತ್ತು. ಪಿಸ್ಟನ್ ಹೊರಗೆ ತೆಗೆದರೆ ಮೇಲಿನ ರಿಂಗ್ ಎರಡು ತುಂಡು. ರಿಂಗ್ ಲ್ಯಾಂಡ್ (ಪಿಸ್ಟನ್‌ನಲ್ಲಿ ರಿಂಗ್‌ಗಳ ನಡುವಿನ ಪಟ್ಟಿ) ಕೂಡ ಚಕ್ಕೆ ಎದ್ದಿದೆ.

ಈಗ 81.5ಕ್ಕೆ ಬೋರ್ ಮಾಡಿಸಿ ಫೋರ್ಜ್ಡ್ ಪಿಸ್ಟನ್ ಹಾಕಬೇಕು ಅಂತಿದ್ದೇನೆ. ರಿಂಗ್ ವಿಷಯದಲ್ಲಿ ಮಾತ್ರ ತಲೆ ಕೆಟ್ಟಿದೆ. ಒಬ್ಬರು ಕ್ರೋಮ್ ಅಂತಾರೆ, ಇನ್ನೊಬ್ಬರು ಮೋಲಿ (ಮಾಲಿಬ್ಡಿನಂ ಲೇಪದ್ದು), ಮತ್ತೊಬ್ಬರು ಸ್ಟೀಲ್ ಬಿಟ್ಟು ಬೇರೆ ಮುಟ್ಟಲೇಬೇಡ ಅಂತಾರೆ. ಯಾರ ಮಾತು ಕೇಳಲಿ?

ಡಬಲ್‌ಕ್ಲಚ್:
ಕ್ರೋಮ್ ಹಾಕಿ ಸುಮ್ನಿರಿ. ಅದರಷ್ಟು ಗಟ್ಟಿ ಯಾವುದೂ ಇಲ್ಲ.

ಫೀಲರ್‌ಗೇಜ್:
ಸ್ವಲ್ಪ ತಡೀರಿ. ಹಳೇ ರಿಂಗ್ ಯಾಕೆ ಮುರೀತು ಅಂತ ಗೊತ್ತಾಗದೆ ಹೊಸದು ಕೊಂಡರೆ ಅದೂ ಮುರಿಯುತ್ತೆ. ಎರಡು ಕಡೆ ನೋಡಿ ಹೇಳಿ.

ಒಂದು, ಪಿಸ್ಟನ್ ತಲೆಯ ಅಂಚು ಮತ್ತು ಸ್ಪಾರ್ಕ್ ಪ್ಲಗ್. ಅಂಚು ಮರಳು ಉಜ್ಜಿದ ಹಾಗೆ ಗುಳಿ ಗುಳಿ ಆಗಿದ್ದರೆ, ಪ್ಲಗ್‌ನ ಪಿಂಗಾಣಿ ಮೇಲೆ ಸಣ್ಣ ಸಣ್ಣ ಅಲ್ಯೂಮಿನಿಯಂ ಚುಕ್ಕೆ ಕಂಡರೆ ಅದು ನಾಕಿಂಗ್ (ಇಂಧನ ಹೊತ್ತಬೇಕಾದ ರೀತಿ ಬಿಟ್ಟು ಸಿಡಿಯೋದು) ಮಾಡಿದ ಕೆಲಸ. ಹಾಗಿದ್ದರೆ ಮೊದಲು ಟ್ಯೂನಿಂಗ್ ಸರಿಯಾಗಬೇಕು.

ಎರಡು, ಮುರಿಯದೆ ಉಳಿದ ಸಿಲಿಂಡರ್‌ಗಳ ಮೇಲಿನ ರಿಂಗ್. ಅದರ ಎರಡು ತುದಿಗಳನ್ನು ಒರೆಸಿ ಬೆಳಕಿಗೆ ಹಿಡಿಯಿರಿ. ಮಸಿ ಕೂತು ಮಂಕಾಗಿದ್ದರೆ ಚಿಂತೆಯಿಲ್ಲ. ಪಾಲಿಶ್ ಹೊಡೆದ ಹಾಗೆ ಹೊಳೆಯುತ್ತಿದ್ದರೆ ಎರಡೂ ತುದಿ ಒಂದಕ್ಕೊಂದು ಗುದ್ದಿಕೊಂಡಿವೆ ಅಂತ ಅರ್ಥ.

ಬೂಸ್ಟ್‌ಹುಚ್ಚ:
ನೋಡಿದೆ ಸರ್. ಪ್ಲಗ್ ನಾಲ್ಕೂ ಸ್ವಚ್ಛ, ಪಿಸ್ಟನ್ ಅಂಚೂ ಚೆನ್ನಾಗಿದೆ. ಆದರೆ ಎರಡನೇ ಸಿಲಿಂಡರ್‌ನ ರಿಂಗ್ ತುದಿ ಕನ್ನಡಿ ಥರ ಹೊಳೀತಿದೆ. ನಾಲ್ಕನೆಯದೂ ಅರ್ಧದಷ್ಟು ಹೊಳಪು. ಆ ಎರಡನೇ ಸಿಲಿಂಡರ್‌ನ ರಿಂಗನ್ನು ಬೋರ್‌ನ ತಳದಲ್ಲಿ, ಸವೆತ ಇಲ್ಲದ ಜಾಗದಲ್ಲಿ ಇಟ್ಟು ಅಳೆದೆ. ತುದಿಗಳ ನಡುವಿನ ಗ್ಯಾಪ್ ಬರೀ 0.25 ಮಿ.ಮೀ.

ಫೀಲರ್‌ಗೇಜ್:
ಹಾಗಾದರೆ ಕಳ್ಳ ಸಿಕ್ಕಿದ. ಪ್ಯಾಕೆಟ್‌ನಿಂದ ತೆಗೆದ ರಿಂಗನ್ನು ಅಳೆಯದೆ ಹಾಗೇ ಹಾಕಿದ್ದಾರೆ, ಆಮೇಲೆ ಬೂಸ್ಟ್ ಏರಿಸಿದ್ದಾರೆ.

ಲೆಕ್ಕ ಹಾಕಿ ನೋಡಿ. ನಿಮ್ಮ ಬೋರ್‌ನ ಸುತ್ತಳತೆ ಸುಮಾರು 255 ಮಿ.ಮೀ. ಬೋರ್‌ಗೆ ಕೂಲಂಟ್ ಆಸರೆ ಇದೆ, ಮೇಲಿನ ರಿಂಗ್‌ಗೆ ಅಷ್ಟಿಲ್ಲ. ರಿಂಗ್ ಬೋರ್‌ಗಿಂತ 100 ಡಿಗ್ರಿ ಜಾಸ್ತಿ ಕಾದರೆ ಸುಮಾರು 0.3 ಮಿ.ಮೀ. ಉದ್ದ ಆಗುತ್ತೆ. ಇದ್ದ ಜಾಗ 0.25. ತುದಿಗಳು ಸೇರಿದ ಮೇಲೆ ರಿಂಗ್‌ಗೆ ಹೋಗಲು ದಾರಿಯಿಲ್ಲ. ಗೋಡೆಗೆ ಒತ್ತಿ ಹಿಡಿದುಕೊಳ್ಳುತ್ತೆ, ಪಿಸ್ಟನ್ ಮಾತ್ರ ಮೇಲೆ ಕೆಳಗೆ ಹೋಗುತ್ತಲೇ ಇರುತ್ತೆ. ಆಗ ಲ್ಯಾಂಡ್ ಕಿತ್ತು ಬರುತ್ತೆ. ಇಲ್ಲಿ ರಿಂಗ್ ಯಾವ ಲೋಹದ್ದಾದರೂ ಇದೇ ಗತಿ ಆಗುತ್ತಿತ್ತು.

ಅದಕ್ಕೇ ನನ್ನ ಪ್ರಕಾರ ಗ್ಯಾಪ್ ಮೊದಲು, ಬೋರ್‌ನ ಹೋನಿಂಗ್ (ಗೋಡೆಗೆ ಕಲ್ಲಿನಿಂದ ಸಣ್ಣ ಅಡ್ಡಗೆರೆ ಹಾಕೋದು) ಆಮೇಲೆ, ಲೋಹದ ಮಾತು ಕೊನೆಗೆ. ಜನ ಇದನ್ನು ತಲೆಕೆಳಗಾಗಿ ಮಾಡ್ತಾರೆ.

ಗ್ಯಾಪ್: ಟರ್ಬೊ ಪೆಟ್ರೋಲ್ ಎಂಜಿನ್‌ಗೆ ಮೇಲಿನ ರಿಂಗ್‌ಗೆ ಬೋರ್ ಅಳತೆಯನ್ನು 0.005ರಿಂದ 0.006ರವರೆಗಿನ ಅಂಕಿಯಿಂದ ಗುಣಿಸುವುದು ರೂಢಿ. ನೀವು 0.0055 ಹಿಡಿದರೆ 81.5ಕ್ಕೆ 0.45 ಮಿ.ಮೀ. ಬರುತ್ತೆ. ಎರಡನೇ ರಿಂಗ್‌ಗೆ ಇನ್ನೂ ಸ್ವಲ್ಪ ಜಾಸ್ತಿ, 0.50 ಬಿಡಿ. ಎರಡು ರಿಂಗ್‌ಗಳ ನಡುವೆ ನುಸುಳಿದ ಗ್ಯಾಸ್ ಕೆಳಗೆ ಹೋಗಿಬಿಡಬೇಕು. ಅಲ್ಲೇ ಸಿಕ್ಕಿಕೊಂಡರೆ ಮೇಲಿನ ರಿಂಗನ್ನು ಅದರ ಸೀಟಿನಿಂದ ಎತ್ತುತ್ತೆ. ಆಯಿಲ್ ರಿಂಗ್‌ನ ತೆಳು ಪಟ್ಟಿಗಳಿಗೆ ಕನಿಷ್ಠ 0.38. ಪಿಸ್ಟನ್ ಜೊತೆ ಬಂದ ಚೀಟಿಯಲ್ಲಿ ಬೇರೆ ಅಂಕಿ ಇದ್ದರೆ ಚೀಟಿಯ ಮಾತೇ ಕೊನೆ. ಅನುಮಾನ ಬಂದರೆ 0.05 ಜಾಸ್ತಿ ಬಿಡಿ. ಜಾಸ್ತಿ ಆದರೆ ಸ್ವಲ್ಪ ಬ್ಲೋ-ಬೈ (ರಿಂಗ್ ದಾಟಿ ಗ್ಯಾಸ್ ಕೆಳಗೆ ಸೋರೋದು) ಅಷ್ಟೇ. ಕಮ್ಮಿ ಆದರೆ ಏನಾಗುತ್ತೆ ಅಂತ ನಿಮ್ಮ ಮುಂದೆಯೇ ಬಿದ್ದಿದೆ ಅಲ್ವಾ.

ಇನ್ನು ಲೋಹ. ಮಾಮೂಲಿ ಬೂದು ಬೀಡು ಕಬ್ಬಿಣದ ಮೇಲಿನ ರಿಂಗ್ ಬೇಡ, ನಾಕಿಂಗ್ ಬಂದರೆ ಬಳೆ ಥರ ಒಡೆಯುತ್ತೆ. ಡಕ್ಟೈಲ್ ಐರನ್ (ಸುಲಭಕ್ಕೆ ಒಡೆಯದ ಬೀಡು ಕಬ್ಬಿಣ) ಮೇಲೆ ಮೋಲಿ ಲೇಪ ಇರೋದು ನಿಮ್ಮ ಕೆಲಸಕ್ಕೆ ಸಾಕು. ಮಾಲಿಬ್ಡಿನಂ ಕರಗುವುದು 2600 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಲೇಪದಲ್ಲಿ ಸಣ್ಣ ರಂಧ್ರಗಳಿರುವುದರಿಂದ ಆಯಿಲ್ ಹಿಡಿದಿಟ್ಟುಕೊಳ್ಳುತ್ತೆ, ಬೇಗ ಕೂರುತ್ತೆ. ಅದರ ಕಷ್ಟ ಒಂದೇ, ಜೋರಾದ ನಾಕಿಂಗ್‌ಗೆ ಲೇಪ ಉದುರಬಹುದು. ನೈಟ್ರೈಡ್ ಮಾಡಿದ (ನೈಟ್ರೋಜನ್‌ನಿಂದ ಮೈ ಗಟ್ಟಿ ಮಾಡಿದ) ಸ್ಟೀಲ್ ಇನ್ನೂ ಒಂದು ಹೆಜ್ಜೆ ಮೇಲೆ. ಮುಂದೆ ಬೂಸ್ಟ್ ಏರಿಸೋ ಆಸೆ ಇದ್ದರೆ ಅದನ್ನೇ ತಗೊಳ್ಳಿ. ಕ್ರೋಮ್ ಗಟ್ಟಿ, ಸುಳ್ಳಲ್ಲ. ಧೂಳಲ್ಲಿ ದುಡಿಯೋ ಎಂಜಿನ್‌ಗೆ ಒಳ್ಳೇದು. ಆದರೆ ಕೂರೋದು ನಿಧಾನ, ಆಯಿಲ್ ಹಿಡಿದುಕೊಳ್ಳೋದು ಕಮ್ಮಿ.

ರಿಂಗ್ ದಪ್ಪದ ಆಯ್ಕೆ ನಿಮ್ಮ ಕೈಯಲ್ಲಿಲ್ಲ, ಪಿಸ್ಟನ್‌ನಲ್ಲಿ ರಿಂಗ್ ಕೂರೋ ಗ್ರೂವ್ ಹೇಳಿದ್ದೇ ಅಳತೆ. ಹಾಗಾಗಿ ಪಿಸ್ಟನ್, ರಿಂಗ್ ಎರಡನ್ನೂ ಒಟ್ಟಿಗೆ ಸೆಟ್ ಆಗಿ ತಗೊಳ್ಳಿ.

ಡಬಲ್‌ಕ್ಲಚ್:
ಸರಿ, ಕ್ರೋಮ್ ಮಾತು ವಾಪಸ್. ಆದರೆ ಬೋರ್ ಮಾಡಿಸಲೇಬೇಕಾ? ಹಳೇ ಬೋರ್‌ಗೇ 0.25 ಓವರ್‌ಸೈಜ್ ರಿಂಗ್ ತಂದು, ಅರ ಹಾಕಿ ಉಜ್ಜಿ ಕೂರಿಸ್ತಾರಲ್ಲ?

ಫೀಲರ್‌ಗೇಜ್:
ಕೂರಿಸ್ತಾರೆ. ಸವೆದ ಬೋರ್ ಒಂದೇ ಸಮ ಇರಲ್ಲ, ಮೇಲೆ ಜಾಸ್ತಿ ಸವೆದಿರುತ್ತೆ, ಕೆಳಗೆ ಕಮ್ಮಿ. ಮೇಲೆ 0.1 ಮಿ.ಮೀ. ಅಗಲ ಆಗಿದ್ದರೂ ಗ್ಯಾಪ್ ಅಲ್ಲಿ 0.31 ಹೆಚ್ಚುತ್ತೆ, ಸುತ್ತಳತೆ ಅಲ್ವಾ. ಮೇಲೆ ಅಳೆದು ಉಜ್ಜಿದರೆ ಕೆಳಗೆ ತುದಿಗಳು ಗುದ್ದುತ್ತವೆ. ಕೆಳಗೆ ಅಳೆದರೆ ಮೇಲೆ ಸೋರುತ್ತೆ. ಟರ್ಬೊ ಎಂಜಿನ್‌ಗೆ ಈ ಆಟ ಬೇಡ.

ಹೋನ್‌ಕಲ್ಲು:
ಮಧ್ಯ ಬಾಯಿ ಹಾಕ್ತೀನಿ. ಮಷೀನ್ ಶಾಪ್‌ಗೆ ಬ್ಲಾಕ್ ಕೊಡುವಾಗ ಯಾವ ರಿಂಗ್ ಅಂತ ಮೊದಲೇ ಹೇಳಿ, ಪಿಸ್ಟನ್ನೂ ಕೊಟ್ಟುಬಿಡಿ. ಮೋಲಿ ಆದರೆ 220 ಅಥವಾ 280 ಕಲ್ಲಾದ ಮೇಲೆ ಇನ್ನೂ ನುಣುಪಾದ 400ರಲ್ಲಿ ಗೆರೆಗಳ ತುದಿ ಸ್ವಲ್ಪ ಸವರಬೇಕು. ಅಡ್ಡಗೆರೆಗಳ ನಡುವೆ ಕೋನ 45 ಡಿಗ್ರಿ ಹತ್ತಿರ ಇರಲಿ. ಸಾಧ್ಯವಾದರೆ ಟಾರ್ಕ್ ಪ್ಲೇಟ್ (ಹೆಡ್ ಬದಲು ಬಿಗಿಯುವ ದಪ್ಪ ತಟ್ಟೆ) ಬಿಗಿದು ಹೋನ್ ಮಾಡಿಸಿ. ಹೆಡ್ ಬೋಲ್ಟ್ ಬಿಗಿದಾಗ ಬೋರ್ ಸೊಟ್ಟ ಆಗುತ್ತೆ, ಬರಿಗಣ್ಣಿಗೆ ಕಾಣಲ್ಲ.

ವಾಪಸ್ ಬಂದ ಬ್ಲಾಕನ್ನು ಪೆಟ್ರೋಲ್, ಡೀಸೆಲ್‌ನಲ್ಲಿ ತೊಳೆದು ಬಿಟ್ಟುಬಿಡಬೇಡಿ. ಹೋನಿಂಗ್ ಪುಡಿ ಗೆರೆಯೊಳಗೇ ಉಳಿಯುತ್ತೆ. ಬಿಸಿನೀರು, ಸೋಪು, ಬ್ರಷ್. ಒಣಗಿಸಿ ಎಣ್ಣೆ ಹಚ್ಚಿ ಬಿಳಿ ಬಟ್ಟೆಯಲ್ಲಿ ಒರೆಸಿ. ಬಟ್ಟೆ ಬೂದು ಬಣ್ಣಕ್ಕೆ ತಿರುಗಿದರೆ ಇನ್ನೊಮ್ಮೆ.

ಬೂಸ್ಟ್‌ಹುಚ್ಚ:
ತುಂಬಾ ಉಪಕಾರ ಆಯ್ತು. ಬ್ಲಾಕ್ ಬಂತು, ತೊಳೆದಾಯ್ತು. ಕೊನೆಗೆ ನೈಟ್ರೈಡ್ ಸ್ಟೀಲ್ ಸೆಟ್ಟೇ ತಗೊಂಡೆ. ಮೇಲಿನ ರಿಂಗ್‌ನ ಗ್ಯಾಪ್ ಈಗ 0.33 ತೋರಿಸ್ತಿದೆ, ಉಜ್ಜಬೇಕು. ಹೇಗೆ ಉಜ್ಜೋದು?

ಫೀಲರ್‌ಗೇಜ್:
ಒಂದೇ ತುದಿ ಉಜ್ಜಿ, ಇನ್ನೊಂದನ್ನು ನೇರಕ್ಕೆ ಸಾಕ್ಷಿಯಾಗಿ ಹಾಗೇ ಬಿಡಿ. ಅರ ಯಾವಾಗಲೂ ಹೊರಮೈಯಿಂದ ಒಳಕ್ಕೆ ಹೋಗಲಿ. ಒಳಗಿಂದ ಹೊರಕ್ಕೆ ತಳ್ಳಿದರೆ ಅಂಚಿನ ಲೇಪ ಚಕ್ಕೆ ಏಳುತ್ತೆ. ನಾಲ್ಕೈದು ಸಲ ಎಳೆದು, ಒರೆಸಿ, ಅಳೆಯಿರಿ. ಅಳೆಯುವಾಗ ಪಿಸ್ಟನ್ನನ್ನು ತಲೆಕೆಳಗಾಗಿ ಹಿಡಿದು ರಿಂಗನ್ನು ಸುಮಾರು 25 ಮಿ.ಮೀ. ಒಳಕ್ಕೆ ತಳ್ಳಿ, ಆಗ ನೇರ ಕೂರುತ್ತೆ. ಓರೆ ಕೂತ ರಿಂಗ್ ಸುಳ್ಳು ಅಳತೆ ಕೊಡುತ್ತೆ. ಮುಗಿದ ಮೇಲೆ ತುದಿಯ ಚೂಪನ್ನು ಎಣ್ಣೆಗಲ್ಲಿನಲ್ಲಿ ಮೆಲ್ಲಗೆ ಸವರಿ. ಯಾವ ರಿಂಗ್ ಯಾವ ಸಿಲಿಂಡರ್‌ದು ಅಂತ ಗುರುತು ಹಾಕಿಡಿ.

ಹಾಕುವಾಗ ಚುಕ್ಕೆ ಅಥವಾ ಅಕ್ಷರ ಇರೋ ಮೈ ಮೇಲಕ್ಕೆ. ಆಯಿಲ್ ರಿಂಗ್‌ನ ಸ್ಪ್ರಿಂಗ್ ತುದಿಗಳು ಒಂದರ ಮೇಲೊಂದು ಹತ್ತಬಾರದು, ಎದುರುಬದುರು ತಾಗಬೇಕು ಅಷ್ಟೇ. ಬಹಳ ಹೊಗೆ ಕೇಸುಗಳು ಇಲ್ಲೇ ಹುಟ್ಟೋದು.

ಬೂಸ್ಟ್‌ಹುಚ್ಚ:
ಎಲ್ಲ ಸಿಲಿಂಡರ್‌ನಲ್ಲೂ ಮೇಲಿನ ರಿಂಗ್ 0.45, ಎರಡನೇ ರಿಂಗ್ 0.50. ಎಂಜಿನ್ ಜೋಡಿಸಿದೆ. ಮೊದಲು ಅರ್ಧ ದಿನ ಐಡಲ್‌ನಲ್ಲೇ ಬಿಟ್ಟು ಪಳಗಿಸಲಾ?

ಹೋನ್‌ಕಲ್ಲು:
ಬೇಡವೇ ಬೇಡ. ರಿಂಗ್ ಕೂರೋದು ಹಿಂದಿನಿಂದ ಗ್ಯಾಸ್ ಒತ್ತಿದಾಗ. ಐಡಲ್‌ನಲ್ಲಿ ಆ ಒತ್ತಡ ಇಲ್ಲ, ಗೆರೆಗಳು ಸುಮ್ನೆ ನುಣುಪಾಗಿ ಹೋಗ್ತವೆ. ಬಿಸಿಯಾಗಲಿ, ಸೋರಿಕೆ ನೋಡಿ, ಆಮೇಲೆ ರಸ್ತೆಗೆ ಇಳಿಸಿ. ಕಮ್ಮಿ ಬೂಸ್ಟ್‌ನಲ್ಲಿ ಎಳೆಯಿರಿ, ಆಕ್ಸಿಲರೇಟರ್ ಬಿಟ್ಟು ಗೇರ್‌ನಲ್ಲೇ ನಿಧಾನವಾಗಲು ಬಿಡಿ, ಮತ್ತೆ ಎಳೆಯಿರಿ. ಆಯಿಲ್ ಮಿನರಲ್ ಇರಲಿ, ಸಿಂಥೆಟಿಕ್ ಆಮೇಲೆ. ಮೊದಲ ಆಯಿಲ್, ಫಿಲ್ಟರ್ ಬೇಗ ಬದಲಿಸಿ. ಫಿಲ್ಟರ್ ಬಿಚ್ಚಿ ಮಡಿಕೆಗಳೊಳಗೆ ಏನಾದರೂ ಹೊಳೀತಿದೆಯಾ ನೋಡಿ.

ಆಮೇಲೂ ನೀಲಿ ಹೊಗೆ ಬಂದರೆ ತಕ್ಷಣ ರಿಂಗ್ ಮೇಲೆ ಅನುಮಾನ ಪಡಬೇಡಿ. ಟರ್ಬೊದ ಆಯಿಲ್ ಇಳಿಯುವ ಪೈಪ್ ಎಲ್ಲಾದರೂ ಮಡಚಿದೆಯಾ, ಬ್ರೀದರ್ (ಎಂಜಿನ್ ಒಳಗಿನ ಗ್ಯಾಸ್ ಹೊರಹೋಗುವ ದಾರಿ) ಕಟ್ಟಿದೆಯಾ ಅಂತ ಮೊದಲು ನೋಡಿ. ಅದಾದ ಮೇಲೆ ಲೀಕ್‌ಡೌನ್ ಟೆಸ್ಟ್ (ಸಿಲಿಂಡರ್‌ಗೆ ಗಾಳಿ ತುಂಬಿ ಎಷ್ಟು ಸೋರುತ್ತೆ ಅಂತ ನೋಡೋದು) ಮಾಡಿ ಅಂಕಿ ಇಲ್ಲಿ ಹಾಕಿ.