ಸಹಾಯ ಬೇಕು: ಕಾರಿನ ಹೀಟರ್‌ನಲ್ಲಿ ಬಿಸಿಗಾಳಿ ಬರ್ತಿಲ್ಲ

ನಮಸ್ಕಾರ. ಮಡಿಕೇರಿ ಕಡೆಯವನು, 14 ವರ್ಷದ ಹಳೆ ಡೀಸೆಲ್ ಕಾರು. ಎಂಜಿನ್ ಕಾದ ಮೇಲೂ ಹೀಟರ್ ತಣ್ಣಗೆ ಊದುತ್ತೆ. ಮಳೇಲಿ ಮುಂದಿನ ಗಾಜು ಮಬ್ಬಾಗಿ ರಸ್ತೇನೇ ಕಾಣಲ್ಲ. ಹೀಟರ್‌ನ ಎರಡು ಹೋಸ್‌ಗಳಲ್ಲಿ ಒಂದು ಮುಟ್ಟೋಕಾಗದಷ್ಟು ಬಿಸಿ, ಇನ್ನೊಂದು ತಣ್ಣಗೆ. ಅಂದ್ರೆ ಹೀಟರ್ ಕೋರ್ (ಡ್ಯಾಶ್‌ಬೋರ್ಡ್ ಹಿಂದಿರೋ, ಎಂಜಿನ್‌ನ ಬಿಸಿನೀರು ಹರಿದು ಗಾಳಿ ಕಾಯಿಸೋ ಪುಟ್ಟ ರೇಡಿಯೇಟರ್) ಕಟ್ಟಿಕೊಂಡಿದೆ ಅಂತ ನನ್ನ ಲೆಕ್ಕ. ರೇಡಿಯೇಟರ್ ನೀರು ಚಹಾ ಬಣ್ಣ. ಹಿಂದಿನ ಮಾಲೀಕರು ಕೂಲಂಟ್ ಬದಲು ಬೋರ್‌ವೆಲ್ ನೀರೇ ಸುರೀತಿದ್ರಂತೆ, ಪುಣ್ಯಾತ್ಮರು!

ಗ್ಯಾರೇಜಿನವರು ಡ್ಯಾಶ್‌ಬೋರ್ಡೇ ಬಿಚ್ಚಬೇಕು ಅಂತಾರೆ. ಅದಕ್ಕೆ ಮೊದಲು, ಎಂಜಿನ್ ಪೂರ್ತಿ ತಣಿದಾಗ ಎರಡೂ ಹೋಸ್ ಬಿಚ್ಚಿ, ನೀರು ಹೊರಬರೋ ಕಡೆಯಿಂದ ಪೈಪಲ್ಲಿ ನಿಧಾನಕ್ಕೆ ಉಲ್ಟಾ ನೀರು ಬಿಡೋಣ ಅಂತಿದ್ದೀನಿ. ಜೋರಾಗಿ ಬಿಟ್ರೆ ಕೋರ್ ಒಡೆದು ಕಾಲಡಿ ಸೋರುತ್ತೇನೋ ಅನ್ನೋ ಭಯ. ಅಲ್ಯೂಮಿನಿಯಂ ಕೋರ್‌ಗೆ ಸಿಟ್ರಿಕ್ ಆಸಿಡ್ ಹಾಕಿ ನೋಡಿದವರು ಇದ್ದೀರಾ? ಎಷ್ಟು ಹೊತ್ತು ಬಿಟ್ರಿ? ಹೊಸ ಕೂಲಂಟ್ ತುಂಬಿದ ಮೇಲೆ ಒಳಗಿನ ಗಾಳಿ ತೆಗೆದದ್ದು ಹೇಗೆ?