ಫೆಬ್ರವರಿ ರಜೆಯಲ್ಲಿ ಗ್ರೇಟ್ ಓಷನ್ ರೋಡ್: ಎಷ್ಟು ದಿನ ಬೇಕು, ಕಾರು ಬೇಕೇ ಬೇಕಾ, ನೀರಿಗೆ ಎಲ್ಲಿ ಇಳಿಯಬಹುದು?

ಪ್ರಶ್ನೆ: ಕಡಲಂಚು

ಎಲ್ಲರಿಗೂ ನಮಸ್ಕಾರ. ಮೆಲ್ಬರ್ನ್‌ನಲ್ಲಿ ಮಾಸ್ಟರ್ಸ್ ಓದುತ್ತಿದ್ದೇನೆ, ಕಳೆದ ಜುಲೈ ಇನ್‌ಟೇಕ್. ಬೇಸಿಗೆ ರಜೆ ಫೆಬ್ರವರಿ ಕೊನೆಯವರೆಗೂ ಇದೆ. ಅದರಲ್ಲಿ ಐದಾರು ದಿನ ಸಮುದ್ರ ತೀರದ ಊರುಗಳನ್ನು ಸುತ್ತಬೇಕು ಅಂತ ನಾಲ್ಕು ಜನ ಸೇರಿದ್ದೇವೆ. ಸಿಡ್ನಿಯಿಂದ ಕೇರ್ನ್ಸ್‌ವರೆಗೆ ಕರಾವಳಿ ಹಿಡಿದು ಹೋಗೋಣ ಅನ್ನುವುದು ಇಬ್ಬರ ಮಾತು. ಹತ್ತಿರದ ಗ್ರೇಟ್ ಓಷನ್ ರೋಡ್ ಸಾಕು ಅನ್ನುವುದು ಉಳಿದಿಬ್ಬರದು. ನನಗೂ ಇನ್ನೊಬ್ಬನಿಗೂ ಕರ್ನಾಟಕದ ಡಿಎಲ್ ಇದೆ. ಎಲ್ಲರೂ 23-24ರ ವಯಸ್ಸಿನವರು. ಕಡಲಲ್ಲಿ ಈಜುವಷ್ಟು ಈಜು ಯಾರಿಗೂ ಬರುವುದಿಲ್ಲ, ಆದರೆ ನೀರಿಗೆ ಇಳಿಯುವ ಆಸೆ ಇದೆ. ದಾರಿ, ಖರ್ಚು, ಎಚ್ಚರಿಕೆ ಯಾವುದರ ಬಗ್ಗೆಯಾದರೂ ಬಲ್ಲವರು ತಿಳಿಸಿ.

ಉತ್ತರ 1: ಸುಣ್ಣಕಲ್ಲು

ಕೇರ್ನ್ಸ್ ಯೋಚನೆ ಈ ಸಲಕ್ಕೆ ಬಿಟ್ಟುಬಿಡಿ. ಸಿಡ್ನಿಯಿಂದ ಅಲ್ಲಿಗೆ ರಸ್ತೆಯಲ್ಲಿ ಸುಮಾರು 2,500 ಕಿ.ಮೀ. ಆಗುತ್ತದೆ, ಐದಾರು ದಿನವೂ ಹೆದ್ದಾರಿಯಲ್ಲೇ ಕಳೆದುಹೋಗುತ್ತದೆ. ದೂರವನ್ನು ಹೇಗೋ ಹೊಂದಿಸಿಕೊಂಡರೂ ಫೆಬ್ರವರಿ ಅಲ್ಲಿಗೆ ಹೋಗುವ ತಿಂಗಳಲ್ಲ. ಉತ್ತರ ಕ್ವೀನ್ಸ್‌ಲೆಂಡ್‌ನಲ್ಲಿ ಅದು ಜಡಿಮಳೆಯ ಕಾಲ, ಚಂಡಮಾರುತದ ಕಾಲವೂ ಹೌದು. ಸಮುದ್ರದಲ್ಲಿ ಜೀವಕ್ಕೇ ಎರವಾಗುವಂತೆ ಕುಟುಕುವ ಬಾಕ್ಸ್ ಜೆಲ್ಲಿಫಿಶ್ ಇರುತ್ತದೆ. ಅಲ್ಲಿಗೆ ಜೂನ್–ಜುಲೈ ರಜೆ ಸರಿ.

ವಿಕ್ಟೋರಿಯಾ ಕರಾವಳಿಗೆ ಮಾತ್ರ ಫೆಬ್ರವರಿಯ ಮೊದಲ ಮೂರು ವಾರ ಬಂಗಾರದಂಥ ಸಮಯ. ಜನವರಿ ಕೊನೆಯ ಹೊತ್ತಿಗೆ ಇಲ್ಲಿನ ಶಾಲೆಗಳು ಶುರುವಾಗಿ ಕುಟುಂಬಗಳು ಊರಿಗೆ ಮರಳಿರುತ್ತವೆ, ಕ್ರಿಸ್‌ಮಸ್ ಹೊತ್ತಿಗೆ ಏರಿದ್ದ ಕೋಣೆ ಬಾಡಿಗೆ ಇಳಿದಿರುತ್ತದೆ. ಸಮುದ್ರದ ನೀರು ವರ್ಷದಲ್ಲೇ ಹೆಚ್ಚು ಬೆಚ್ಚಗಿರುವುದೂ ಆಗಲೇ. ಬೆಚ್ಚಗೆ ಅಂದರೆ 18–20 ಡಿಗ್ರಿ, ನಮ್ಮ ಅರಬ್ಬೀ ಸಮುದ್ರ ಅಂದುಕೊಂಡು ಧುಮುಕಬೇಡಿ. ಸಾಧ್ಯವಾದರೆ ಸೋಮವಾರ ಹೊರಟು ಶುಕ್ರವಾರದೊಳಗೆ ಮರಳಿ. ವಾರಾಂತ್ಯದ ಕೋಣೆ ದರವೇ ಬೇರೆ.

ಗ್ರೇಟ್ ಓಷನ್ ರೋಡ್ ಟಾರ್ಕಿಯಿಂದ ವಾರ್ನಂಬೂಲ್ ಹತ್ತಿರದ ಆಲನ್ಸ್‌ಫರ್ಡ್‌ವರೆಗೆ, ಒಟ್ಟು 243 ಕಿ.ಮೀ. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು 1919ರಿಂದ 1932ರ ನಡುವೆ ಕಡಿದ ದಾರಿ ಇದು. ಒಂದೇ ದಿನದಲ್ಲಿ ಹೋಗಿ ಬರುವವರು ತುಂಬ ಜನ. ಹಾಗೆ ಮಾಡಿದರೆ ಹನ್ನೆರಡು ಗಂಟೆ ವಾಹನದಲ್ಲೇ ಕೂತು, ಟ್ವೆಲ್ವ್ ಅಪೋಸಲ್ಸ್ (ಸಮುದ್ರದಲ್ಲಿ ನಿಂತಿರುವ ಸುಣ್ಣಕಲ್ಲಿನ ಕಂಬಗಳು) ಬಳಿಗೆ ಟೂರ್ ಬಸ್ಸುಗಳೆಲ್ಲ ಬಂದು ನಿಂತಿರುವ ನಡು ಮಧ್ಯಾಹ್ನವೇ ತಲುಪುತ್ತೀರಿ. ಎರಡು ರಾತ್ರಿ ಬೇಕೇ ಬೇಕು, ಮೂರಾದರೆ ಆರಾಮ.

ಕಾರಿನಲ್ಲಾದರೆ ಹೀಗೆ ಹಂಚಿಕೊಳ್ಳಿ. ಮೊದಲ ದಿನ ಮೆಲ್ಬರ್ನ್‌ನಿಂದ ಟಾರ್ಕಿ (ಸುಮಾರು 100 ಕಿ.ಮೀ.), ಬೆಲ್ಸ್ ಬೀಚ್, ಲಾರ್ನ್, ಕೆನೆಟ್ ರಿವರ್‌ನಲ್ಲಿ ಕೋಆಲಾ, ರಾತ್ರಿ ಅಪೊಲೊ ಬೇ. ದಿನಸಿ ಟಾರ್ಕಿಯಲ್ಲೇ ತುಂಬಿಕೊಳ್ಳಿ. ಅಲ್ಲಿಂದಾಚೆ ದೊಡ್ಡ ಸೂಪರ್‌ಮಾರ್ಕೆಟ್‌ಗಳು ಇಲ್ಲ. ಎರಡನೇ ದಿನ ಒಟ್ವೇ ಕಾಡಿನ ಮೇಟ್ಸ್ ರೆಸ್ಟ್ (ಮರದ ಹಲಗೆಯ ದಾರಿ, ಅರ್ಧ ಗಂಟೆ ಸಾಕು), 1848ರ ಕೇಪ್ ಒಟ್ವೇ ದೀಪಸ್ತಂಭ, ಸಂಜೆ ಅಪೋಸಲ್ಸ್, ರಾತ್ರಿ ಪೋರ್ಟ್ ಕ್ಯಾಂಬೆಲ್. ಅಲ್ಲೇ ಮಲಗಿದರೆ ಬೆಳಿಗ್ಗೆ ಬಸ್ಸುಗಳು ಬರುವ ಮೊದಲೇ ಲಾಕ್ ಆರ್ಡ್ ಗಾರ್ಜ್ ನಿಮ್ಮದಾಗುತ್ತದೆ. 1878ರಲ್ಲಿ ಅಲ್ಲಿ ಒಡೆದ ಹಡಗಿನಲ್ಲಿದ್ದ 54 ಜನರಲ್ಲಿ ಉಳಿದವರು ಇಬ್ಬರೇ. ಆ ಜಾಗದಲ್ಲಿ ನಿಂತು ನೋಡಿದರೆ ಕಾರಣ ತಾನೇ ತಿಳಿಯುತ್ತದೆ. ಮೂರನೇ ದಿನ ಗ್ರಾಟೊ, ಲಂಡನ್ ಆರ್ಚ್, ಬೇ ಆಫ್ ಐಲೆಂಡ್ಸ್ ಮುಗಿಸಿ ಕೊಲಾಕ್ ಮೇಲಿನ ಒಳದಾರಿಯಲ್ಲಿ ವಾಪಸ್, ಮೂರು ಗಂಟೆಯ ಹಾದಿ. ಎಲ್ಲ ಸೇರಿ 600 ಕಿ.ಮೀ. ಅಂದುಕೊಳ್ಳಿ. ಸಣ್ಣ ಕಾರು 100 ಕಿ.ಮೀ.ಗೆ 7 ಲೀಟರ್ ಕುಡಿದರೆ 42 ಲೀಟರ್ ಪೆಟ್ರೋಲ್, ಲೀಟರಿಗೆ ಎರಡು ಡಾಲರ್ ಹಿಡಿದರೆ 84 ಡಾಲರ್. ಅಪೊಲೊ ಬೇಯಲ್ಲಿ ಟ್ಯಾಂಕ್ ತುಂಬಿಸಿಕೊಂಡೇ ಕಾಡಿನ ಕಡೆ ತಿರುಗಿ.

ಪೂರ್ವದಿಂದ ಪಶ್ಚಿಮಕ್ಕೆ ಹೋಗುವುದಕ್ಕೂ ಕಾರಣವಿದೆ. ಇಲ್ಲಿ ಎಡಬದಿಯ ಸಂಚಾರ, ಸಮುದ್ರವೂ ಎಡಕ್ಕೇ ಇರುತ್ತದೆ. ನೋಟದ ತಾಣಗಳಿಗೆ ಎದುರು ವಾಹನಗಳನ್ನು ದಾಟದೆ ನೇರ ಇಳಿಯಬಹುದು.

ಬೇಲಿ ದಾಟಿ ಫೋಟೊ ತೆಗೆಯಬೇಡಿ. ಅಲ್ಲಿನ ಬಂಡೆ ಮೆದು ಸುಣ್ಣಕಲ್ಲು, ಅಲೆ ಅದನ್ನು ಬುಡದಿಂದ ತಿನ್ನುತ್ತದೆ. ಮೇಲೆ ನಿಂತವರಿಗೆ ಕೆಳಗೆ ಟೊಳ್ಳಾಗಿರುವುದು ಕಾಣುವುದಿಲ್ಲ. ಈಗಿನ ಲಂಡನ್ ಆರ್ಚ್, ಅಂದರೆ ಆಗ ಲಂಡನ್ ಬ್ರಿಜ್ ಎನ್ನುತ್ತಿದ್ದ ಕಮಾನಿನ ಒಂದು ಭಾಗ 1990ರಲ್ಲಿ ಬಿತ್ತು, ಅಪೋಸಲ್ಸ್‌ನ ಒಂದು ಕಂಬ 2005ರ ಜುಲೈನಲ್ಲಿ ಕುಸಿಯಿತು. ಗಿಬ್ಸನ್ ಸ್ಟೆಪ್ಸ್‌ನ 86 ಮೆಟ್ಟಿಲು ಇಳಿಯುವ ಮೊದಲು ಉಬ್ಬರ–ಇಳಿತದ ವೇಳೆ ನೋಡಿ. ಉಬ್ಬರದಲ್ಲಿ ನೀರು ಬಂಡೆಯ ಬುಡಕ್ಕೇ ಬಂದು ಬಡಿಯುತ್ತದೆ.

ಉತ್ತರ 2: ಎಡಬದಿ

ಮೇಲಿನ ದಾರಿ ಚೆನ್ನಾಗಿದೆ, ಆದರೆ ಪ್ರಶ್ನೆಯಲ್ಲಿ ಒಂದು ವಿಷಯ ಗಮನಿಸಬೇಕು. ಜುಲೈನಲ್ಲಿ ಬಂದವರಿಗೆ ಫೆಬ್ರವರಿಗೆ ಏಳು ತಿಂಗಳು. ವಿಕ್ಟೋರಿಯಾದಲ್ಲಿ ವಾಸವಿರುವ ತಾತ್ಕಾಲಿಕ ವೀಸಾದವರು ವಿದೇಶಿ ಲೈಸೆನ್ಸ್‌ನಲ್ಲಿ ಗಾಡಿ ಓಡಿಸಬಹುದಾದದ್ದು ಆರು ತಿಂಗಳು ಮಾತ್ರ. ಸ್ಟೂಡೆಂಟ್ ವೀಸಾ ಇದರಲ್ಲೇ ಬರುತ್ತದೆ. ಭಾರತದ ಡಿಎಲ್ ನೇರವಾಗಿ ಬದಲಾಗುವುದಿಲ್ಲ. ರಸ್ತೆ ನಿಯಮದ ಪರೀಕ್ಷೆ, ಹ್ಯಾಜರ್ಡ್ ಪರ್ಸೆಪ್ಶನ್ (ರಸ್ತೆಯ ಅಪಾಯ ಗುರುತಿಸುವ) ಪರೀಕ್ಷೆ, ಡ್ರೈವಿಂಗ್ ಟೆಸ್ಟ್ ಮೂರನ್ನೂ ಪಾಸು ಮಾಡಬೇಕು. ಇಂಟರ್‌ನ್ಯಾಷನಲ್ ಪರ್ಮಿಟ್ ತಂದಿದ್ದರೂ ಈ ಗಡುವು ಮುಂದೆ ಹೋಗುವುದಿಲ್ಲ.

ಬಾಡಿಗೆ ಕೌಂಟರಿನಲ್ಲಿ ಡಿಎಲ್ ನೋಡಿ ಕೀಲಿ ಕೊಟ್ಟೇಬಿಡಬಹುದು. ಅದರಿಂದ ಲೈಸೆನ್ಸ್ ಊರ್ಜಿತ ಅಂತಾಗುವುದಿಲ್ಲ. ಅಪಘಾತವಾದ ದಿನ ವಿಮೆಯವರು ನೀವು ಬಂದ ತಾರೀಖು ನೋಡುತ್ತಾರೆ. ಲೈಸೆನ್ಸ್ ಇಲ್ಲದೆ ಓಡಿಸಿದಂತೆ ಲೆಕ್ಕವಾದರೆ ನಿಮ್ಮ ಕಾರಿನದಷ್ಟೇ ಅಲ್ಲ, ಎದುರಿನ ಕಾರಿನ ರಿಪೇರಿಯೂ ನಿಮ್ಮ ತಲೆಯ ಮೇಲೆ.

ವಿಕ್ಟೋರಿಯಾ ಲೈಸೆನ್ಸ್ ಇರುವವರು ಜೊತೆಗೆ ಸಿಕ್ಕರೆ ಇಷ್ಟು ನೆನಪಿರಲಿ. 25ಕ್ಕಿಂತ ಚಿಕ್ಕವರಿಗೆ ದಿನಕ್ಕಿಷ್ಟು ಅಂತ ಹೆಚ್ಚುವರಿ ಬೀಳುತ್ತದೆ. ಕರಾರಿನಲ್ಲಿ ಎಕ್ಸೆಸ್ ಎಷ್ಟು ಅಂತ ಓದಿ, ಅದು ಸಾವಿರಾರು ಡಾಲರ್ ಇರುತ್ತದೆ, ಅಷ್ಟರವರೆಗೆ ನಷ್ಟ ನಿಮ್ಮದೇ. ಡಾಂಬರಿಲ್ಲದ ರಸ್ತೆಗೆ ವಿಮೆ ಇಲ್ಲ ಎನ್ನುವ ಕಲಮು ಸಾಮಾನ್ಯ, ಒಟ್ವೇ ಕಾಡಿನಲ್ಲಿ ಮ್ಯಾಪ್ ತೋರಿಸುವ ಅಡ್ಡದಾರಿಗಳು ಹಲವು ಮಣ್ಣಿನವು. ಕಾಂಗರೂ, ವಾಲಬಿಗಳು ರಸ್ತೆಗೆ ಬರುವುದು ಮುಂಜಾನೆ ಮತ್ತು ಮುಸ್ಸಂಜೆ. ಅಪೋಸಲ್ಸ್ ಸೂರ್ಯಾಸ್ತ ನೋಡಿ ಅದೇ ರಾತ್ರಿ ಮೆಲ್ಬರ್ನ್‌ಗೆ ಓಡಿಸುವುದು ಈ ಒಂದು ಕಾರಣಕ್ಕೇ ಬೇಡ. ಮೆಲ್ಬರ್ನ್‌ನ ಟೋಲ್ ರಸ್ತೆಗಳಲ್ಲಿ ನಗದು ಬೂತ್ ಇಲ್ಲ, ಟೋಲ್ ಯಾವ ರೀತಿ ಕಟ್ಟಬೇಕು ಅಂತ ಕಾರು ಒಯ್ಯುವಾಗಲೇ ಕೇಳಿ. ಕೇಳದಿದ್ದರೆ ಟೋಲ್ ಜೊತೆ ಸೇವಾಶುಲ್ಕವೂ ಕಾರ್ಡಿನಿಂದ ಹೋಗುತ್ತದೆ.

ಉತ್ತರ 3: ಕೆಂಪು_ಹಳದಿ

ನೀರಿನ ವಿಷಯ ಹೇಳುತ್ತೇನೆ. ಈಜು ಬಾರದವರು ಅಂತ ನೀವೇ ಬರೆದದ್ದರಿಂದ ಇದನ್ನು ನಾಲ್ವರೂ ಓದಿ.

ಕೆಂಪು–ಹಳದಿ ಬಾವುಟಗಳ ನಡುವೆ ಮಾತ್ರ ಇಳಿಯಬೇಕು. ಬಾವುಟ ನೆಟ್ಟಿದೆ ಅಂದರೆ ಆ ಹೊತ್ತಿಗೆ ಲೈಫ್‌ಸೇವರ್‌ಗಳು ಕಾಯುತ್ತಿದ್ದಾರೆ ಅಂತ ಅರ್ಥ. ಫೆಬ್ರವರಿ ವಾರದ ದಿನ ಹೋಗಿ ಅಂತ ಮೊದಲ ಉತ್ತರದಲ್ಲಿದೆಯಲ್ಲ, ಅದರ ತೊಡಕು ಇಲ್ಲಿ. ಶಾಲೆ ರಜೆ ಮುಗಿದ ಮೇಲೆ ಹಲವು ಬೀಚ್‌ಗಳಲ್ಲಿ ಕಾವಲು ಶನಿವಾರ–ಭಾನುವಾರಕ್ಕೆ ಇಳಿಯುತ್ತದೆ. ಸರ್ಫ್ ಲೈಫ್ ಸೇವಿಂಗ್ ಸಂಸ್ಥೆಯ ಬೀಚ್‌ಸೇಫ್ ಆ್ಯಪ್‌ನಲ್ಲಿ ಬೀಚಿನ ಹೆಸರು ಹಾಕಿದರೆ ಅಂದಿನ ಕಾವಲು ಸಮಯ ಸಿಗುತ್ತದೆ. ಬಾವುಟ ಇಲ್ಲದ ದಿನ ಪಾದ ನೆನೆಯುವಷ್ಟಕ್ಕೇ ನಿಲ್ಲಿ, ಸೊಂಟದ ನೀರೂ ಬೇಡ.

ಈ ತೀರದಲ್ಲಿ ಕೊಲ್ಲುವುದು ಶಾರ್ಕ್ ಅಲ್ಲ, ರಿಪ್. ದಡಕ್ಕೆ ಬಡಿದ ನೀರು ಹಿಂದಿರುಗಲು ಒಂದು ಆಳವಾದ ಕಾಲುವೆ ಮಾಡಿಕೊಂಡು ಜೋರಾಗಿ ಹೊರಕ್ಕೆ ಹರಿಯುತ್ತದೆ, ಅದೇ ರಿಪ್. ಆಳ ಇರುವುದರಿಂದ ಅಲ್ಲಿ ಅಲೆ ಒಡೆಯುವುದಿಲ್ಲ, ನೀರು ಗಾಢ ಬಣ್ಣದಲ್ಲಿ ಶಾಂತವಾಗಿ ಕಾಣುತ್ತದೆ. ಹೊಸಬರು ಅಲೆ ಕಡಿಮೆ ಇದೆ ಅಂತ ಅಲ್ಲೇ ಇಳಿಯುತ್ತಾರೆ. ಎರಡೂ ಬದಿಯಲ್ಲಿ ಬಿಳಿ ನೊರೆ, ನಡುವೆ ನೊರೆಯಿಲ್ಲದ ಪಟ್ಟಿ ಕಂಡರೆ ಅದು ಸೌಮ್ಯ ಜಾಗವಲ್ಲ. ಸಿಕ್ಕಿಬಿದ್ದರೆ ದಡದ ಕಡೆ ಈಜಲೇಬೇಡಿ. ಹರಿವಿಗೆ ಎದುರಾಗಿ ದಣಿಯುವುದರಿಂದಲೇ ಜನ ಮುಳುಗುವುದು. ಅಂಗಾತ ತೇಲಿ, ಒಂದು ಕೈ ಎತ್ತಿ ಕೂಗಿ. ರಿಪ್ ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ಗೆಳೆಯ ಸಿಕ್ಕಿಕೊಂಡರೆ ಹಿಂದೆ ಹಾರಬೇಡಿ. ಲೈಫ್‌ಸೇವರ್‌ ಅನ್ನು ಕರೆಯಿರಿ, ಇಲ್ಲದಿದ್ದರೆ ತುರ್ತು ಸಂಖ್ಯೆ 000ಗೆ ಫೋನ್ ಮಾಡಿ, ತೇಲುವ ಏನನ್ನಾದರೂ ಎಸೆಯಿರಿ, ಕೂಲ್ ಬಾಕ್ಸ್ ಮುಚ್ಚಳ ಆದರೂ ಸರಿ.

ಅಪೋಸಲ್ಸ್ ಸುತ್ತಲಿನ ಬೀಚುಗಳಲ್ಲಿ ಈಜುವ ಮಾತೇ ಇಲ್ಲ. ಅಲೆಯಲ್ಲಿ ಆಡುವ ಆಸೆಗೆ ಟಾರ್ಕಿ ಅಥವಾ ಆಂಗಲ್‌ಸೀಯಲ್ಲಿ ಎರಡು ಗಂಟೆಯ ಸರ್ಫ್ ಪಾಠ ತೆಗೆದುಕೊಳ್ಳಿ. ಮೆತ್ತನೆಯ ಬೋರ್ಡು, ವೆಟ್‌ಸೂಟ್ ಅವರೇ ಕೊಡುತ್ತಾರೆ, ಸೊಂಟದ ನೀರಿನಲ್ಲೇ ಕಲಿಸುತ್ತಾರೆ, ಪಕ್ಕದಲ್ಲಿ ಗುರು ಇರುತ್ತಾರೆ. ಈಜು ಎಷ್ಟು ಬರುತ್ತದೆ ಅಂತ ಬುಕ್ ಮಾಡುವಾಗಲೇ ನಿಜ ಹೇಳಿ. ಬೆಲ್ಸ್ ಬೀಚ್ ಕಲಿಯುವವರ ಜಾಗವಲ್ಲ, ಅಲ್ಲಿ ಮೇಲೆ ನಿಂತು ನೋಡಿದರೆ ಸಾಕು.

ನೀಲಿ ಬಲೂನಿನಂಥ ಸಮುದ್ರಜೀವಿ ಬ್ಲೂಬಾಟಲ್ ಕುಟುಕಿದರೆ ಬಾಲದ ಎಳೆ ತೆಗೆದು, ಸಮುದ್ರದ ನೀರಲ್ಲಿ ತೊಳೆದು, ತಡೆಯುವಷ್ಟು ಬಿಸಿನೀರಿನಲ್ಲಿ (ಸುಮಾರು 45 ಡಿಗ್ರಿ) ಕುಟುಕಿದ ಭಾಗವನ್ನು 20 ನಿಮಿಷ ಇಡಿ. ವಿನಿಗರ್ ಉತ್ತರದ ಬಾಕ್ಸ್ ಜೆಲ್ಲಿಫಿಶ್‌ಗೆ, ಇದಕ್ಕಲ್ಲ. ಬಂಡೆಯ ಹೊಂಡದಲ್ಲಿ ನೀಲಿ ಉಂಗುರದ ಚಿಕ್ಕ ಆಕ್ಟೋಪಸ್ ಕಂಡರೆ ಮುಟ್ಟಬೇಡಿ. ಅದರ ಕಡಿತಕ್ಕೆ ಪ್ರತಿವಿಷ ಇಲ್ಲ.

ಬಿಸಿಲನ್ನು ನಮ್ಮ ಮೈಬಣ್ಣ ತಡೆಯುತ್ತದೆ ಎಂಬ ನಂಬಿಕೆ ಬೇಡ. ಎಸ್‌ಪಿಎಫ್ 50 ಪ್ಲಸ್ ಸನ್‌ಸ್ಕ್ರೀನ್ ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಹಾಗೆಯೇ ಜಾಕೆಟ್ ಇಟ್ಟುಕೊಳ್ಳಿ. ಉತ್ತರದ ಬಿಸಿಗಾಳಿ ಇದ್ದಕ್ಕಿದ್ದಂತೆ ನೈಋತ್ಯಕ್ಕೆ ತಿರುಗಿದರೆ ಒಂದೇ ಗಂಟೆಯಲ್ಲಿ ಹತ್ತು–ಹದಿನೈದು ಡಿಗ್ರಿ ಬೀಳುತ್ತದೆ. ಆ ಬಿಸಿಗಾಳಿಯ ದಿನಗಳೇ ಕಾಡ್ಗಿಚ್ಚಿನ ದಿನಗಳೂ ಕೂಡ. ವಿಕ್‌ಎಮರ್ಜೆನ್ಸಿ ಆ್ಯಪ್‌ನಲ್ಲಿ ಬೆಂಕಿಯ ಅಪಾಯ ‘ಕ್ಯಾಟಸ್ಟ್ರಾಫಿಕ್’ (ಎಲ್ಲಕ್ಕಿಂತ ಮೇಲಿನ ಹಂತ) ಅಂತ ಇದ್ದರೆ ಒಟ್ವೇ ಕಡೆ ಹೊರಡಲೇಬೇಡಿ. ಹೊರಗೆ ಬರಲು ಇರುವ ರಸ್ತೆಗಳು ಬೆರಳೆಣಿಕೆಯವು.

ಕಡಲಂಚು

ಎಲ್ಲರಿಗೂ ತುಂಬ ಧನ್ಯವಾದ. ನಾಲ್ವರಲ್ಲಿ ಯಾರಿಗೂ ವಿಕ್ಟೋರಿಯಾ ಲೈಸೆನ್ಸ್ ಇಲ್ಲ, ಹಾಗಾಗಿ ಕಾರು ಬಿಟ್ಟೆವು. ಬಸ್ಸು–ರೈಲಿನಲ್ಲೇ ಆಗುತ್ತದೆಯೇ?

ಉತ್ತರ 4: ಸದರ್ನ್_ಕ್ರಾಸ್

ಆಗುತ್ತದೆ, ಅಗ್ಗವೂ ಹೌದು. 2023ರ ಮಾರ್ಚ್ ಕೊನೆಯಿಂದ ವಿ/ಲೈನ್ (ವಿಕ್ಟೋರಿಯಾದ ಊರುಗಳಿಗೆ ಹೋಗುವ ಸರ್ಕಾರಿ ಸೇವೆ) ರೈಲು–ಬಸ್ಸಿನ ದಿನದ ಗರಿಷ್ಠ ದರ ಮೆಲ್ಬರ್ನ್ ನಗರದ ಮೈಕಿ (ಪ್ರಯಾಣದ ಕಾರ್ಡು) ದಿನದ ಮಿತಿಯಷ್ಟೇ. ಎಷ್ಟೇ ದೂರ ಹೋದರೂ ಅಷ್ಟೇ.

ಮೆಲ್ಬರ್ನ್‌ನ ಸದರ್ನ್ ಕ್ರಾಸ್ ನಿಲ್ದಾಣದಿಂದ ಜಿಲಾಂಗ್‌ಗೆ ರೈಲು ಸುಮಾರು ಒಂದು ಗಂಟೆ. ಅಲ್ಲಿಂದ ಟಾರ್ಕಿ, ಆಂಗಲ್‌ಸೀ, ಲಾರ್ನ್ ಮೇಲೆ ಅಪೊಲೊ ಬೇಗೆ ವಿ/ಲೈನ್ ಬಸ್ಸು, ಸುಮಾರು ಎರಡೂವರೆ ಗಂಟೆ. ರಸ್ತೆಯ ಅತ್ಯಂತ ಚೆಂದದ ಭಾಗ ಇದೇ. ಹೋಗುವಾಗ ಎಡಗಡೆ ಸೀಟು ಹಿಡಿಯಿರಿ. ಕೋಚ್ ಟಿಕೆಟ್ ಮೊದಲೇ ತೆಗೆದುಕೊಳ್ಳಿ, ಮೆಲ್ಬರ್ನ್‌ನಿಂದ ಅಪೊಲೊ ಬೇವರೆಗೆ ಒಂದೇ ಟಿಕೆಟ್ ಆಗಿ ಕೇಳಿ.

ತೊಡಕು ಬರುವುದು ಅಪೊಲೊ ಬೇಯಿಂದಾಚೆ. ಅಪೋಸಲ್ಸ್, ಪೋರ್ಟ್ ಕ್ಯಾಂಬೆಲ್ ಮೇಲೆ ವಾರ್ನಂಬೂಲ್‌ಗೆ ಹೋಗುವ ಬಸ್ಸು ವಾರದಲ್ಲಿ ಕೆಲವೇ ದಿನ. ಆದ್ದರಿಂದ ಆ ಬಸ್ಸಿನ ದಿನ ಯಾವುದು ಅಂತ ಮೊದಲು ನೋಡಿ, ಉಳಿದ ಪ್ರವಾಸವನ್ನು ಅದರ ಸುತ್ತ ಹೊಂದಿಸಿ. ಕೋಣೆ ಮೊದಲು ಬುಕ್ ಮಾಡಿ ಆಮೇಲೆ ಬಸ್ಸು ಹುಡುಕಿದವರು ಅಪೊಲೊ ಬೇಯಲ್ಲೇ ಸಿಕ್ಕಿಕೊಳ್ಳುತ್ತಾರೆ. ನನ್ನ ಲೆಕ್ಕದಲ್ಲಿ ಒಂದು ರಾತ್ರಿ ಲಾರ್ನ್, ಎರಡು ಅಪೊಲೊ ಬೇ, ನಂತರ ಆ ಬಸ್ಸಿನಲ್ಲಿ ಪೋರ್ಟ್ ಕ್ಯಾಂಬೆಲ್ ಅಥವಾ ವಾರ್ನಂಬೂಲ್. ವಾರ್ನಂಬೂಲ್‌ನಿಂದ ಮೆಲ್ಬರ್ನ್‌ಗೆ ನೇರ ರೈಲಿದೆ, ಮೂರೂವರೆ ಗಂಟೆಗೂ ತುಸು ಹೆಚ್ಚು, ಸೀಟು ಕಾಯ್ದಿರಿಸಿ. ದಿನ ಹೊಂದದಿದ್ದರೆ ಅಪೊಲೊ ಬೇಯಿಂದ ಹಿಂದಿರುಗಿ, ಅಪೋಸಲ್ಸ್‌ಗೆ ಮಾತ್ರ ಮೆಲ್ಬರ್ನ್‌ನಿಂದ ಒಂದು ದಿನದ ಟೂರ್ ಬಸ್ಸು ಹಿಡಿಯಿರಿ.

ಉಳಿಯಲು ಹಾಸ್ಟೆಲ್ ಡಾರ್ಮ್ ಅಥವಾ ಕ್ಯಾರವಾನ್ ಪಾರ್ಕಿನ ಕ್ಯಾಬಿನ್, ನಾಲ್ವರು ಹಂಚಿಕೊಂಡರೆ ಎರಡನೆಯದೇ ಎಷ್ಟೋ ಸಲ ಅಗ್ಗ. ಅಡುಗೆಮನೆ ಇದೆಯೇ ನೋಡಿ. ತೀರದ ಪಾರ್ಕುಗಳಲ್ಲಿ ಉಚಿತ ಎಲೆಕ್ಟ್ರಿಕ್ ಬಾರ್ಬೆಕ್ಯೂ ತಟ್ಟೆಗಳಿವೆ, ಗುಂಡಿ ಒತ್ತಿ ಕೆಲವು ನಿಮಿಷ ಬಿಟ್ಟರೆ ಕಾಯುತ್ತದೆ. ದೋಸೆಗೂ ಒಗ್ಗುತ್ತದೆ, ಮುಗಿದ ಮೇಲೆ ಒರೆಸಿ ಬಿಡಿ. ಒಟ್ವೇಯಲ್ಲಿ ಮೊಬೈಲ್ ಸಿಗ್ನಲ್ ಅಲ್ಲಲ್ಲಿ ಸಾಯುತ್ತದೆ, ಬಸ್ಸಿನ ವೇಳಾಪಟ್ಟಿ ಮತ್ತು ಮ್ಯಾಪ್ ಫೋನಿಗೆ ಇಳಿಸಿಕೊಳ್ಳಿ.

ಒಂದು ದಿನ ಮಿಕ್ಕರೆ ಮೆಲ್ಬರ್ನ್ ಮುಂದಿನ ಪೋರ್ಟ್ ಫಿಲಿಪ್ ಕೊಲ್ಲಿಯ ಸುತ್ತು ಹಾಕಿ. ಜಿಲಾಂಗ್‌ನಿಂದ ಬಸ್ಸಿನಲ್ಲಿ ಕ್ವೀನ್ಸ್‌ಕ್ಲಿಫ್, ಅಲ್ಲಿಂದ ಗಂಟೆಗೊಮ್ಮೆ ಹೊರಡುವ ಫೆರಿಯಲ್ಲಿ 40 ನಿಮಿಷಕ್ಕೆ ಸೊರೆಂಟೊ, 788 ನಂಬರಿನ ಬಸ್ಸಿನಲ್ಲಿ ಫ್ರಾಂಕ್‌ಸ್ಟನ್, ಅಲ್ಲಿಂದ ಮೆಟ್ರೊ ರೈಲು ಮೆಲ್ಬರ್ನ್‌ಗೆ. ಫೆರಿಗೆ ಮೈಕಿ ನಡೆಯುವುದಿಲ್ಲ, ಬೇರೆ ಟಿಕೆಟ್ ಬೇಕು. ಸೊರೆಂಟೊದ ಕೊಲ್ಲಿ ಬದಿಯ ಫ್ರಂಟ್ ಬೀಚ್‌ನಲ್ಲಿ ಅಲೆ ಕಡಿಮೆ, ನಿಮ್ಮಂಥವರು ಕಾಲು ನೆನೆಸಲು ಅದು ವಾಸಿ. ಊರಿನ ಆಚೆ ಬದಿಯ ಬ್ಯಾಕ್ ಬೀಚ್ ನೇರ ಬಾಸ್ ಜಲಸಂಧಿಗೆ ತೆರೆದದ್ದು, ಎರಡನ್ನೂ ಅದಲುಬದಲು ಮಾಡಿಕೊಳ್ಳಬೇಡಿ.