ಅಪ್‌ಡೇಟ್: ತೂಕ ಕಡಿಮೆ ಇದ್ದ ಆ ಅಟೋಚಾ ನಾಣ್ಯದ ವಿಷಯ

1622ರಲ್ಲಿ ಫ್ಲೋರಿಡಾ ಬಳಿ ಮುಳುಗಿದ ಸ್ಪೇನ್‌ನ ಅಟೋಚಾ ಹಡಗಿನದ್ದು ಅಂತ ಒಂದು ಎಂಟು ರಿಯಾಲ್ ಬೆಳ್ಳಿ ನಾಣ್ಯ ಮಾರಾಟಕ್ಕಿತ್ತು. ಸುಮಾರು 27 ಗ್ರಾಂ ಇರಬೇಕಾದದ್ದು 21 ಗ್ರಾಂ ಮಾತ್ರ ಇದೆ, ನಕಲಿಯಾ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.

ನಾಣ್ಯ ಅಸಲಿ! ಅನುಭವಿ ಸಂಗ್ರಾಹಕರೊಬ್ಬರು ಲೆನ್ಸ್ ಹಿಡಿದು ನೋಡಿದರು. ಎರಕ ಹೊಯ್ದ ನಕಲಿಯಾದರೆ ಸಾಮಾನ್ಯವಾಗಿ ಅಂಚಿನಲ್ಲಿ ಜೋಡಣೆಯ ಗೆರೆ, ಮೈಮೇಲೆ ಸಣ್ಣ ಗುಳ್ಳೆಗಳು ಕಾಣುತ್ತವೆ. ಇದರಲ್ಲಿ ಎರಡೂ ಇಲ್ಲ. ಕೈಯಲ್ಲಿ ಕತ್ತರಿಸಿ, ಸುತ್ತಿಗೆಯಿಂದ ಹೊಡೆದು ಮಾಡಿದ್ದು. ನಾಣ್ಯದ ಮೇಲಿನ ಗುರಾಣಿ ಚಿತ್ರದ ಎಡಕ್ಕೆ, ಈಗಿನ ಬೊಲಿವಿಯಾದಲ್ಲಿರುವ ಪೊಟೊಸಿಯ ಟಂಕಸಾಲೆಯ ‘ಪಿ’ ಗುರುತು ಮಸುಕಾಗಿ ಉಳಿದಿದೆ. ಅದನ್ನು ನೋಡಿದಾಗ ಆದ ಖುಷಿ ಹೇಳತೀರದು. ತೂಕ ಹೋಗಿದ್ದು ಸಮುದ್ರಕ್ಕೆ. ಉಪ್ಪುನೀರಿನಲ್ಲಿ ಮೇಲಿನ ಬೆಳ್ಳಿ ಕಪ್ಪು ಸಲ್ಫೈಡ್ ಆಗುತ್ತದೆ, ಶುಚಿ ಮಾಡುವಾಗ ಆ ಪದರ ಉದುರುತ್ತದೆ.

ಆದರೆ ಅಟೋಚಾದ್ದೇ ಅನ್ನೋಕೆ ಆಧಾರ ಸಿಗಲಿಲ್ಲ. 1985ರಲ್ಲಿ ಮುಖ್ಯ ನಿಧಿ ಪತ್ತೆ ಮಾಡಿದ ಮೆಲ್ ಫಿಶರ್ ತಂಡದ ಪ್ರಮಾಣಪತ್ರದಲ್ಲಿ ಆಯಾ ನಾಣ್ಯದ ಫೋಟೋ, ಸಂಖ್ಯೆ, ದರ್ಜೆ ಇರುತ್ತದೆ. ಮಾರುವವರ ಬಳಿ ಅದಿರಲಿಲ್ಲ. ಹಾಗಾಗಿ ಹಡಗಿನ ಹೆಸರಿಗೆ ಜಾಸ್ತಿ ಹಣ ಕೊಡದೆ, ಬರೀ ಪೊಟೊಸಿ ನಾಣ್ಯದ ಬೆಲೆಗೆ ತೆಗೆದುಕೊಂಡೆ. ಇನ್ನು ಅದನ್ನು ಉಜ್ಜುವುದಿಲ್ಲ.